ಸೂಚನಾ ಫಲಕಕ್ಕೆ ಸಂಗೀತದ ದಿನಸೂಚಿ ಬರೆಯುವುದು ಹೇಗೆ

ಕಲಬುರಗಿಯ ಶಾಲೆ, ಗ್ರಂಥಾಲಯ ಅಥವಾ ಬಡಾವಣೆಯ ಸಂಘದ ಫಲಕದಲ್ಲಿ ಚಿತ್ರಗೀತೆಗಳ ಲೋಕದ ಜನ್ಮದಿನಗಳನ್ನು ಬರೆಯಬಯಸುವವರು ಮೊದಲು ದಪ್ಪನೆಯ ನೋಟ್‌ಬುಕ್ಕಿನಲ್ಲಿ ತಿಂಗಳಿಗೆ ನಾಲ್ಕು ಪುಟ ಮೀಸಲಿಟ್ಟು, ಇಸವಿಯ ಬದಲು ತಾರೀಖಿನ ಕ್ರಮದಲ್ಲಿ ನಮೂದಿಸಬೇಕು. ಹಾಗೆ ಬರೆದಾಗಲೇ ಎಸ್. ಜಾನಕಿಯವರ ಏಪ್ರಿಲ್ 23 (1938), ಡಾ. ರಾಜ್‌ಕುಮಾರ್ ಅವರ ಏಪ್ರಿಲ್ 24 (1929) ಬೆನ್ನುಬೆನ್ನಿಗೆ ಬರುವುದು ಕಣ್ಣಿಗೆ ಬೀಳುತ್ತದೆ. ದಖನಿ ಉರ್ದು ಮಾತಾಡುವ ಮನೆಗಳೂ ಇರುವ ನಮ್ಮ ಊರಿನಲ್ಲಿ ಮೊಹಮ್ಮದ್ ರಫಿಯವರ ಡಿಸೆಂಬರ್ 24 (1924) ಬಿಟ್ಟುಹೋಗಲೇಬಾರದು.

ಹೆಚ್ಚಿನ ಎಚ್ಚರ ಬೇಕಾಗುವುದು ಘಟನೆಗಳ ವಿಷಯದಲ್ಲಿ. ಹಾಡು ಧ್ವನಿಮುದ್ರಣಗೊಂಡ ದಿನ, ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ದೊರೆತ ದಿನ ಮತ್ತು ಚಿತ್ರ ತೆರೆಕಂಡ ದಿನ ಸಾಮಾನ್ಯವಾಗಿ ಬೇರೆ ಬೇರೆಯಾಗಿರುತ್ತವೆ. ಹಳೆಯ ಗ್ರಾಮಫೋನ್ ತಟ್ಟೆಯ ನಡುವಿನ ಚೀಟಿಯಲ್ಲಿ ಗಾಯಕರ ಹೆಸರು, ಕಂಪನಿಯ ಸಂಖ್ಯೆ ಸಿಕ್ಕರೂ ತಾರೀಖು ಸಿಗುವುದು ಅಪರೂಪ. ಆದ್ದರಿಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಮಾರ್ಚ್ 3ರ (1934) ಪುಟದಲ್ಲಿ ಬರೆಯುವಾಗ ‘ಬಿಡುಗಡೆ’ ಎಂದು ಸ್ಪಷ್ಟಪಡಿಸಬೇಕು. ಎರಡು ಸ್ವತಂತ್ರ ಆಕರಗಳು ಒಪ್ಪುವವರೆಗೆ ತಾರೀಖನ್ನು ಪೆನ್ಸಿಲಿನಲ್ಲೇ ಇಡುವುದು ಒಳ್ಳೆಯದು. ಪುಣ್ಯತಿಥಿಗಳಿಗೆ ಬೇರೆ ಬಣ್ಣದ ಶಾಯಿ ಬಳಸಿದರೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಜೂನ್ 4 (1946) ಮತ್ತು ಸೆಪ್ಟೆಂಬರ್ 25 (2020) ಅದಲುಬದಲಾಗುವುದಿಲ್ಲ.