ಆಷಾಢದಲ್ಲಿ ಲೈಟ್‌ರೂಮ್ ಬಿಟ್ಟೆ: ನೀವೂ ಬಿಡುವುದಾದರೆ ಹೀಗೆ ಮಾಡಿ

ಆಷಾಢದಲ್ಲಿ ಮನೆ ಬದಲಾಯಿಸಬಾರದು ಅಂತ ಅಮ್ಮ ಹೇಳುತ್ತಾರೆ. ಸಾಫ್ಟ್‌ವೇರ್ ಬದಲಾಯಿಸುವುದಾದರೆ ಆಷಾಢದಲ್ಲೇ ಬದಲಾಯಿಸಿ ಅಂತ ನಾನು ಹೇಳುತ್ತೇನೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, "ಆಲ್ಬಮ್ ಯಾವಾಗ ಕೊಡ್ತೀರಾ" ಅನ್ನುವ ಫೋನೂ ಇಲ್ಲ.

ಹನುಮಂತನಗರದ ನಮ್ಮ ಮನೆಯ ಮಹಡಿ ರೂಮೇ ನನ್ನ ಸ್ಟುಡಿಯೊ. ಅಲ್ಲಿ ಕೂತು ಎಂಟು ವರ್ಷ ಲೈಟ್‌ರೂಮ್‌ನಲ್ಲಿ, ಅಂದರೆ ಫೋಟೋ ಜೋಡಿಸಿಡುವ, ತಿದ್ದುವ ಅಡೋಬಿ ಕಂಪನಿಯ ಸಾಫ್ಟ್‌ವೇರ್‌ನಲ್ಲಿ, ಕೆಲಸ ಮಾಡಿದ್ದೇನೆ. ಅದು ಕೆಟ್ಟದ್ದು ಅಂತ ಬಿಟ್ಟಿದ್ದಲ್ಲ. ಲೆಕ್ಕ ನನಗೆ ಹೊಂದಲಿಲ್ಲ, ಅಷ್ಟೇ. ಆಷಾಢ, ಪಿತೃಪಕ್ಷ, ಧನುರ್ಮಾಸ ಮೂರರಲ್ಲೂ ನನಗೆ ಕೆಲಸ ಇರುವುದಿಲ್ಲ. ಕಾರ್ಡ್‌ನಿಂದ ಹೋಗುವ ಕಂತಿಗೆ ಮಾತ್ರ ಪಿತೃಪಕ್ಷವೂ ಇಲ್ಲ, ಧನುರ್ಮಾಸವೂ ಇಲ್ಲ. ಮೊದಲು ಒಮ್ಮೆ ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಹಾಗೆ ಮಾರಿದ ಕೊನೆಯ ಲೈಟ್‌ರೂಮ್ 2015ರ 6ನೇ ಆವೃತ್ತಿ. ಆಮೇಲೆ ಚಂದಾ ಒಂದೇ ದಾರಿ.

ಮೊದಲು ನಿಮ್ಮ ಒಪ್ಪಂದ ಎಂಥದ್ದು ನೋಡಿ. ತಿಂಗಳು ತಿಂಗಳು ಕಟ್ಟುತ್ತಿದ್ದೀರಿ ಅಂದಮಾತ್ರಕ್ಕೆ ಅದು ತಿಂಗಳ ಒಪ್ಪಂದ ಆಗಬೇಕಿಲ್ಲ. ವರ್ಷದ ಒಪ್ಪಂದಕ್ಕೇ ತಿಂಗಳ ಕಂತು ಇರಬಹುದು. ಅದನ್ನು ನಡುವೆ ಮುರಿದರೆ ಉಳಿದ ಕಂತುಗಳ ಒಂದು ಪಾಲು ದಂಡ ಬೀಳಬಹುದು. ನವೀಕರಣದ ತಾರೀಖು ಹುಡುಕಿ, ಕ್ಯಾಲೆಂಡರ್‌ನಲ್ಲಿ ಒಂದು ತಿಂಗಳು ಮುಂಚೆಯೇ ಗುರುತು ಹಾಕಿ.

ಚಂದಾ ನಿಂತ ದಿನ ಫೋಟೋಗಳೆಲ್ಲ ಮಾಯ ಆಗುತ್ತವೆ ಅಂತ ನಾನು ಹೆದರಿದ್ದೆ. ಹಾಗೇನೂ ಆಗುವುದಿಲ್ಲ. ಮೂಲ ಫೋಟೋಗಳು ನಿಮ್ಮ ಡಿಸ್ಕ್‌ನಲ್ಲೇ ಇರುತ್ತವೆ. ಡಿಸ್ಕ್‌ನಲ್ಲಿರುವ ಫೋಟೋಗಳ ಮೇಲೆ ಕೆಲಸ ಮಾಡುವ ಲೈಟ್‌ರೂಮ್ ಕ್ಲಾಸಿಕ್ ಕೂಡ ತೆರೆಯುತ್ತದೆ. ಲೈಬ್ರರಿ ನೋಡಬಹುದು, ಹಳೆಯ ಎಡಿಟ್ ಸಮೇತ ಎಕ್ಸ್‌ಪೋರ್ಟ್ ಮಾಡಬಹುದು. ಬೀಗ ಬೀಳುವುದು ಫೋಟೋ ತಿದ್ದುವ ಡೆವಲಪ್ ಮತ್ತು ಜಾಗ ಗುರುತಿಸುವ ಮ್ಯಾಪ್ ವಿಭಾಗಗಳಿಗೆ. ಅಂದರೆ ಮಾಡಿದ ಅಡುಗೆ ಬಡಿಸಬಹುದು, ಹೊಸದಾಗಿ ಒಗ್ಗರಣೆ ಹಾಕಲು ಆಗುವುದಿಲ್ಲ. ಇದು ಕ್ಲಾಸಿಕ್‌ನ ಮಾತು. ಫೋಟೋಗಳನ್ನು ಕ್ಲೌಡ್‌ನಲ್ಲಿ ಇಟ್ಟಿರುವವರು ಮೂಲ ಫೈಲ್‌ಗಳನ್ನು ಮೊದಲೇ ಇಳಿಸಿಕೊಳ್ಳಿ.

ಇನ್ನು ಗಂಟುಮೂಟೆ ಕಟ್ಟುವ ಕೆಲಸ. ನಿಮ್ಮ ಎಡಿಟ್‌ಗಳು ಬೇರೆ ಸಾಫ್ಟ್‌ವೇರ್‌ಗೆ ಹೋಗುವುದಿಲ್ಲ. ಡಾರ್ಕ್‌ಟೇಬಲ್ ಅನ್ನುವ ಉಚಿತ ಸಾಫ್ಟ್‌ವೇರ್ ಒಂದಿಷ್ಟನ್ನು ಓದಲು ಪ್ರಯತ್ನಿಸುತ್ತದೆ, ಆದರೆ ಫೋಟೋ ಮೊದಲಿನ ಹಾಗೇ ಕಾಣುವುದಿಲ್ಲ. ಸರಾಗವಾಗಿ ಹೋಗುವುದು ಸ್ಟಾರ್, ಕೀವರ್ಡ್, ಶೀರ್ಷಿಕೆಗಳು. ಅವು ಲೈಟ್‌ರೂಮ್ ತನಗಾಗಿ ಬರೆದಿಟ್ಟುಕೊಳ್ಳುವ ಕ್ಯಾಟಲಾಗ್‌ನ ಒಳಗಿರುತ್ತವೆ, ಹೊರಗೆ ತರಬೇಕು. ಲೈಬ್ರರಿಯಲ್ಲಿ ಎಲ್ಲ ಫೋಟೋ ಆರಿಸಿ ಕಂಟ್ರೋಲ್ ಜೊತೆ ಎಸ್ ಒತ್ತಿ. ಪ್ರತಿ ರಾ ಫೈಲ್ (ಕ್ಯಾಮೆರಾ ಕೊಡುವ ಸಂಸ್ಕರಿಸದ ಮೂಲ ಫೈಲ್) ಪಕ್ಕ ಎಕ್ಸ್‌ಎಂಪಿ ಅನ್ನುವ ಪುಟ್ಟ ಫೈಲ್ ಹುಟ್ಟುತ್ತದೆ. ಹೊಸ ಸಾಫ್ಟ್‌ವೇರ್ ಓದುವುದು ಇದನ್ನೇ.

ಕಲೆಕ್ಷನ್‌ಗಳು, ಅಂದರೆ ನಾವೇ ಮಾಡಿಕೊಂಡ ಫೋಟೋ ಗುಂಪುಗಳು, ಇದರಲ್ಲಿ ಬರುವುದಿಲ್ಲ. ಅದಕ್ಕೆ ನಾನು ಪ್ರತಿ ಕಲೆಕ್ಷನ್ ತೆರೆದು, ಎಲ್ಲ ಫೋಟೋ ಆರಿಸಿ, ಕಲೆಕ್ಷನ್ನಿನ ಹೆಸರನ್ನೇ ಕೀವರ್ಡ್ ಮಾಡಿದೆ. "ಕಡಲೆಕಾಯಿ ಪರಿಷೆ" ಕಲೆಕ್ಷನ್ ಈಗ "ಕಡಲೆಕಾಯಿ ಪರಿಷೆ" ಕೀವರ್ಡ್. ಬಾವುಟದ ಗುರುತುಗಳನ್ನೂ ನಂಬಬೇಡಿ, ಹೊಸ ಕಡೆ ಓದದೇ ಹೋಗಬಹುದು. ಬಾವುಟ ಇರುವುದಕ್ಕೆಲ್ಲ ಒಂದು ಸ್ಟಾರ್ ಕೊಟ್ಟುಬಿಡಿ. ಇದೆಲ್ಲ ಮುಗಿದ ಮೇಲೆ ಇನ್ನೊಮ್ಮೆ ಕಂಟ್ರೋಲ್ ಎಸ್. ವರ್ಚುವಲ್ ಕಾಪಿಗಳಿಗೆ (ಒಂದೇ ಫೋಟೋದ ಬೇರೆ ಬೇರೆ ಎಡಿಟ್‌ಗಳಿಗೆ) ಎಕ್ಸ್‌ಎಂಪಿ ಹುಟ್ಟುವುದೇ ಇಲ್ಲ. ಅವನ್ನು ಎಕ್ಸ್‌ಪೋರ್ಟ್ ಮಾಡಿಯೇ ಉಳಿಸಿಕೊಳ್ಳಬೇಕು.

ಎಕ್ಸ್‌ಪೋರ್ಟ್‌ನಲ್ಲೇ ನಾನು ಎಡವಿದ್ದು. ಗುಣಮಟ್ಟ ಕೆಡಬಾರದು ಅಂತ ಎಲ್ಲವನ್ನೂ 16 ಬಿಟ್ ಟಿಫ್ ಮಾಡಲು ಹಚ್ಚಿ ಮಲಗಿದೆ. ಎಸ್.ಪಿ. ರಸ್ತೆಯಿಂದ ಅವತ್ತೇ ತಂದ 2 ಟಿಬಿ ಡಿಸ್ಕ್. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡಿದರೆ ಕೆಲಸ ಆಗಲೇ ನಿಂತಿದೆ, ಡಿಸ್ಕ್‌ನಲ್ಲಿ ಜಾಗ ಇಲ್ಲ. ಕೂತು ಲೆಕ್ಕ ಹಾಕಿದೆ. 24 ಮೆಗಾಪಿಕ್ಸೆಲ್ ಫೋಟೋ, ಪಿಕ್ಸೆಲ್‌ಗೆ ಮೂರು ಬಣ್ಣ, ಬಣ್ಣಕ್ಕೆ ಎರಡು ಬೈಟ್. ಒಂದು ಫೋಟೋಗೆ 144 ಎಂಬಿ! 2 ಟಿಬಿಯಲ್ಲಿ ಹದಿನಾಲ್ಕು ಸಾವಿರ ಫೋಟೋ ಕೂಡ ಹಿಡಿಯುವುದಿಲ್ಲ. ನನ್ನ ಹತ್ತಿರ ಇದ್ದದ್ದು ನಲವತ್ತು ಸಾವಿರ.

ಆಮೇಲೆ ಬುದ್ಧಿ ಬಂತು. ಗಿರಾಕಿಗೆ ಕೊಟ್ಟಾಗಿರುವ ಫೋಟೋಗಳಿಗೆ ಪೂರ್ತಿ ಅಳತೆಯ ಜೆಪೆಗ್ ಸಾಕು. ಟಿಫ್ ಮಾಡಿದ್ದು ಮುಂದೆ ಮತ್ತೆ ಕೈಯಾಡಿಸಬೇಕು ಅನ್ನಿಸುವ ಮುನ್ನೂರು ಚಿಲ್ಲರೆ ಫೋಟೋ ಮಾತ್ರ. ಎಕ್ಸ್‌ಪೋರ್ಟ್‌ನಲ್ಲಿ ಮೂಲ ಫೋಟೋ ಇರುವ ಫೋಲ್ಡರ್ ಆರಿಸಿ, ಒಳಗೆ "ಮುಗಿದದ್ದು" ಅಂತ ಒಂದು ಉಪಫೋಲ್ಡರ್ ಹೇಳಿ. ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ. ಕ್ಯಾಮೆರಾದ ನಂಬರ್ 9999 ಆದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ, ಒಂದೇ ಹೆಸರಿನ ಫೈಲ್‌ಗಳು ಒಂದರ ಮೇಲೊಂದು ಕೂರಬಹುದು.

ಹೊಸದನ್ನು ಆರಿಸುವಾಗ ಕಂಪನಿಯವರು ತೋರಿಸುವ ಫೋಟೋ ನೋಡಬೇಡಿ. ನಿಮ್ಮವೇ ಮೂರು ಕಷ್ಟದ ಫೋಟೋ ಇಟ್ಟುಕೊಳ್ಳಿ. ನನ್ನವು ಇವು: ಬೆಂಗಳೂರು ಕರಗದ ರಾತ್ರಿಯದು ಒಂದು, ಅರಿಶಿನ ಶಾಸ್ತ್ರದ್ದು ಒಂದು, ಕೆಂಪು ರೇಷ್ಮೆ ಸೀರೆಯದು ಒಂದು.

ಕರಗದ್ದು ತಿಗಳರಪೇಟೆಯಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ತೆಗೆದದ್ದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400. ಕತ್ತಲಿರುವ ಕಡೆ ರಾಗಿ ಚೆಲ್ಲಿದ ಹಾಗೆ ಕಾಳು ಕಾಳು. ನಡುವೆ ಬೆಳ್ಳಗೆ ಮಲ್ಲಿಗೆಯ ಕರಗ, ಪಕ್ಕದಲ್ಲಿ ವೀರಕುಮಾರರ ಕತ್ತಿಯ ಹೊಳಪು. ಕಾಳು ಹೋಗಬೇಕು, ಮಲ್ಲಿಗೆ ಎಸಳು ಎಸಳಾಗಿ ಉಳಿಯಬೇಕು. ಟ್ರಯಲ್ ಹಾಕಿದ ಒಂದು ಸಾಫ್ಟ್‌ವೇರ್‌ನಲ್ಲಿ ಮಲ್ಲಿಗೆ ಮೊಸರನ್ನದ ಹಾಗೆ ಕಲೆಸಿಹೋಯಿತು. ಡಿಎಕ್ಸ್‌ಒ ಫೋಟೋಲ್ಯಾಬ್‌ನಲ್ಲಿ ಕಾಳು ತೆಗೆಯುವ ಡೀಪ್‌ಪ್ರೈಮ್ ಸೌಲಭ್ಯ ಬಳಸಿದಾಗ ಎಸಳು ಉಳಿಯಿತು. ನಾನು ಫೋಟೋಲ್ಯಾಬ್ ಕೊಳ್ಳಲು ಇದೊಂದೇ ಫೋಟೋ ಕಾರಣ ಅಂದರೂ ತಪ್ಪಿಲ್ಲ. ಆದರೆ ಡೀಪ್‌ಪ್ರೈಮ್ ಕೆಲಸ ಮಾಡುವುದು ರಾ ಫೈಲ್ ಮೇಲೆ ಮಾತ್ರ, ಜೆಪೆಗ್ ಮೇಲಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಒಂದೊಂದು ಫೋಟೋಗೂ ಕಾಯಬೇಕು. ಟ್ರಯಲ್‌ನಲ್ಲಿ ನಿಮ್ಮದೇ ಕಂಪ್ಯೂಟರ್‌ನಲ್ಲಿ ಇಪ್ಪತ್ತು ಫೋಟೋ ಹಾಕಿ ಗಡಿಯಾರ ನೋಡಿ.

ಫೋಟೋಲ್ಯಾಬ್‌ನಲ್ಲಿ ಇಂಪೋರ್ಟ್ ಅನ್ನುವ ಗೋಜಿಲ್ಲ, ಫೋಲ್ಡರ್ ನೇರವಾಗಿ ತೆರೆಯುತ್ತದೆ. ನನ್ನ ಆವೃತ್ತಿಯಲ್ಲಿ ಪನೋರಮಾ ಜೋಡಿಸುವ ಸೌಲಭ್ಯ ಇಲ್ಲ, ನನಗೆ ಅದು ಬೇಕಾಗಿಯೂ ಇರಲಿಲ್ಲ. ಕ್ಯಾಪ್ಚರ್ ಒನ್ ಕೂಡ ಒಂದೇ ಸಲ ಕೊಳ್ಳುವ ಲೈಸೆನ್ಸ್ ಮಾರುತ್ತದೆ. ಕೇಬಲ್ ಹಾಕಿ ಸ್ಟುಡಿಯೊದಲ್ಲಿ ತೆಗೆಯುವವರು ಅದನ್ನು ಹೊಗಳುತ್ತಾರೆ.

ಫೋಟೋಶಾಪ್ ಜಾಗಕ್ಕೆ ಎಲ್ಲರೂ ಹೇಳುತ್ತಿದ್ದ ಹೆಸರು ಅಫಿನಿಟಿ. 2024ರಲ್ಲಿ ಅದನ್ನು ಕ್ಯಾನ್ವಾ ಕೊಂಡಿತು. 2025ರ ಅಕ್ಟೋಬರ್ ಕೊನೆಗೆ ಬಂದ ಹೊಸ ಆವೃತ್ತಿ ಪುಕ್ಕಟೆ, ಅಕೌಂಟ್ ಮಾಡಿಕೊಂಡರೆ ಸಾಕು. ಎಐ ಸೌಲಭ್ಯಗಳಿಗೆ ಮಾತ್ರ ಕ್ಯಾನ್ವಾದ ಚಂದಾ ಬೇಕು.

ಈ ಬಗೆಯ ಯಾವ ಸಾಫ್ಟ್‌ವೇರ್ ಆದರೂ ಸರಿ, ಮೊದಲು ಒಂದು ಸಾಲು ಕನ್ನಡ ಟೈಪ್ ಮಾಡಿ ನೋಡಿ. ಇಂಗ್ಲಿಷಿನಲ್ಲಿ ವಿಮರ್ಶೆ ಬರೆಯುವವರು ಯಾರೂ ಇದನ್ನು ನೋಡಿರುವುದಿಲ್ಲ. ಒಂದರಲ್ಲಿ ನಾನು ಆಲ್ಬಮ್ ಮುಖಪುಟಕ್ಕೆ "ಕಲ್ಯಾಣೋತ್ಸವ" ಅಂತ ಹೊಡೆದೆ. ಬಂದದ್ದು "ಕಲ್‌ಯಾಣೋತ್‌ಸವ". ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿತ್ತು. ಹೀಗಾದರೆ ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ತಂದು ಅಂಟಿಸಿ. ಗಿಂಪ್‌ನಲ್ಲೂ ಒತ್ತಕ್ಷರ ಸರಿಯಾಗಿ ಬರುತ್ತದೆ. ಎರಡೂ ಉಚಿತ. ಹಳೆಯ ಆಲ್ಬಮ್‌ಗಳ ಪಿಎಸ್‌ಡಿ (ಫೋಟೋಶಾಪ್) ಫೈಲ್‌ಗಳನ್ನೂ ಒಂದೆರಡು ತೆರೆದು ನೋಡಿ. ಫೋಟೋ ಲೇಯರ್ ಸಾಮಾನ್ಯವಾಗಿ ಸರಿ ಇರುತ್ತದೆ, ಅಕ್ಷರದ ಲೇಯರ್ ಅಲುಗಾಡಿರಬಹುದು.

ದುಡ್ಡು ಕೊಡಲು ಅವಸರ ಬೇಡ. ನಾನು ಜುಲೈಯಲ್ಲಿ ಕೊಂಡೆ, ಸೆಪ್ಟೆಂಬರ್‌ನಲ್ಲಿ ಮುಂದಿನ ಆವೃತ್ತಿ ಬಂತು. ಫೋಟೋಲ್ಯಾಬ್ ಕೆಲವು ವರ್ಷಗಳಿಂದ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲೇ ಹೊಸದು ಬಿಡುತ್ತಿದೆ ಅಂತ ಆಮೇಲೆ ನೋಡಿದೆ. ನವೆಂಬರ್ ಕೊನೆಗೆ ಇಂಥ ಸಾಫ್ಟ್‌ವೇರ್‌ಗಳ ಮೇಲೆ ರಿಯಾಯಿತಿ ಬರುವುದೂ ರೂಢಿ. ಹಾಗಾಗಿ ಆಷಾಢದಲ್ಲಿ ಕಟ್ಟಿ ಇಡಿ, ನವೆಂಬರ್‌ನಲ್ಲಿ ಕೊಳ್ಳಿ, ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಹಿಡಿದ ಮೇಲೆ ಪೂರ್ತಿ ದಾಟಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್‌ನ ವಿದೇಶಿ ವ್ಯವಹಾರ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಒಟಿಪಿ ತನಕವೂ ಹೋಗುವುದಿಲ್ಲ. ಜಿಎಸ್‌ಟಿ 18 ಪರ್ಸೆಂಟ್ ಮತ್ತು ಬ್ಯಾಂಕಿನ ಫಾರೆಕ್ಸ್ ಶುಲ್ಕ ಬೆಲೆಯಲ್ಲಿ ಸೇರಿದೆಯಾ ನೋಡಿ.

ಕೊಂಡ ದಿನವೇ ಇನ್‌ಸ್ಟಾಲರ್ ಫೈಲನ್ನೂ ಲೈಸೆನ್ಸ್ ನಂಬರನ್ನೂ ಎರಡು ಕಡೆ ಇಡಿ. ಒಂದೇ ಸಲ ಕೊಂಡದ್ದು ಅಂದರೆ ಆ ಆವೃತ್ತಿ ನಿಮ್ಮದು, ಅಷ್ಟೇ. ಮುಂದೆ ಹೊಸ ಕ್ಯಾಮೆರಾ ತಂದರೆ ಅದರ ರಾ ಫೈಲ್ ನಿಮ್ಮ ಹಳೆಯ ಆವೃತ್ತಿಯಲ್ಲಿ ತೆರೆಯದೇ ಇರಬಹುದು. ಆಗ ರಾ ಫೈಲನ್ನು ಡಿಎನ್‌ಜಿ ಅನ್ನುವ ಸಾಮಾನ್ಯ ರೂಪಕ್ಕೆ ಬದಲಿಸುವ ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಬಳಸಿ, ಅದಕ್ಕೆ ಚಂದಾ ಬೇಕಿಲ್ಲ. ಡಿಎನ್‌ಜಿಯನ್ನೂ ಕೆಲವು ಸಾಫ್ಟ್‌ವೇರ್‌ಗಳು ಆರಿಸಿ ಆರಿಸಿ ತೆರೆಯುತ್ತವೆ. ಅದಕ್ಕೇ ಕ್ಯಾಮೆರಾಗೆ ಅಡ್ವಾನ್ಸ್ ಕೊಡುವ ಮೊದಲು ಅಂಗಡಿಯಲ್ಲೇ ನಿಮ್ಮ ಮೆಮೊರಿ ಕಾರ್ಡ್ ಹಾಕಿ ನಾಲ್ಕು ಫೋಟೋ ತೆಗೆದು ತನ್ನಿ, ಮನೆಯಲ್ಲಿ ತೆರೆಯುತ್ತದಾ ನೋಡಿ.