ಒಂದೇ ‘ಗೆಟ್’ ಹಿಡಿದುಕೊಂಡು ಒಂದು ತಿಂಗಳು: ನನ್ನ ಅನುಭವ

ಇದು ನನ್ನ ಹಾಗೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವವರಿಗೆ. ಟೆನ್ಸ್ ಏನು, ಪಾರ್ಟಿಸಿಪಲ್ ಏನು ಅಂತ ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದೆಲ್ಲ ನಿಮಗೆ ಗೊತ್ತಿದೆ. ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ ಮಹಡಿ ಮೇಲಿನ ಒಂದು ರೂಮಿನಲ್ಲಿ ಸಂಜೆ ಕ್ಲಾಸ್ ಮಾಡುತ್ತೇನೆ. ಬರುವವರು ಗಾರ್ಮೆಂಟ್ಸ್ ಹುಡುಗಿಯರು, ಮೊಬೈಲ್ ಅಂಗಡಿ ಹುಡುಗರು, ಬೇಲೂರು ಹಳೇಬೀಡಿಗೆ ಟೂರಿಸ್ಟ್‌ಗಳನ್ನು ಕರೆದುಕೊಂಡು ಹೋಗುವ ಟ್ಯಾಕ್ಸಿಯವರು, ಪಿಯುಸಿ ಮುಗಿಸಿ ಮನೆಯಲ್ಲಿರುವವರು. ಹೆಚ್ಚುಕಡಿಮೆ ಎಲ್ಲರೂ ಕನ್ನಡ ಮೀಡಿಯಂ. ಇವರಿಗೆ ಮೊದಲ ತಿಂಗಳು ಪೂರ್ತಿ ‘ಗೆಟ್’ (get) ಅನ್ನುವ ಇಂಗ್ಲಿಷ್ ಪದ ಒಂದನ್ನೇ ಕಲಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ನನ್ನ ನಾದಿನಿ ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದು ರಿಟೈರ್ ಆದವರು. ‘ಅತ್ತಿಗೆ, ಗ್ರಾಮರ್ ಹೇಳಿಕೊಡದೆ ಜನರ ಹತ್ತಿರ ದುಡ್ಡು ಇಸ್ಕೊಳ್ತೀರಲ್ಲ’ ಅಂತ ಊಟಕ್ಕೆ ಕೂತಾಗಲೇ ಅಂದರು. ಈಗ ಮೂರ್ನಾಲ್ಕು ಬ್ಯಾಚ್ ಆಗಿದೆ, ಮಧ್ಯದಲ್ಲಿ ಬಿಟ್ಟು ಹೋಗುವವರು ಬೆರಳೆಣಿಕೆಯಷ್ಟು ಮಾತ್ರ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಡಿಕ್ಷನರಿ ತೆರೆದರೆ ಗೆಟ್ ಒಂದಕ್ಕೇ ಪುಟಗಟ್ಟಲೆ ಅರ್ಥ. ಪಡೆ, ಕೊಳ್ಳು, ತಲುಪು, ಆಗು, ಅರ್ಥವಾಗು, ತರು, ಹೀಗೆ ಮುಗಿಯುವುದೇ ಇಲ್ಲ. ಅದನ್ನೆಲ್ಲ ಸೇರಿಸಿ ಕನ್ನಡ ಅರ್ಥದ ಜೊತೆ ಒಂದು ಪುಟ್ಟ ಪುಸ್ತಕ ಮಾಡಿಸಿದೆ. ಡಿಟಿಪಿ, ಪ್ರಿಂಟಿಂಗ್, ಪಿನ್ ಹೊಡೆಸಿದ್ದು ಎಲ್ಲ ಸೇರಿ 7 ಸಾವಿರದ ಹತ್ತಿರ ಹೋಯಿತು. ಹುಡುಗರು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ವಾರ ಬಿಟ್ಟು ‘ನಿನ್ನೆ ಯಾಕೆ ಬರಲಿಲ್ಲ’ ಅಂತ ಇಂಗ್ಲಿಷ್‌ನಲ್ಲಿ ಕೇಳಿದರೆ ‘ಫಾರ್ ಮಿ ಫೀವರ್ ಕೇಮ್ ಮೇಡಂ’. ಆಮೇಲೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ, 11 ಸಾವಿರವೋ ಏನೋ ಕೊಟ್ಟಿದ್ದೆ. ಚಿತ್ರ ತೋರಿಸಿ ಕಲಿಸೋಣ ಅಂತ. ಗೆಟ್ ಎನ್ನುವುದಕ್ಕೆ ಯಾವ ಚಿತ್ರ ತೋರಿಸುತ್ತೀರಿ ಹೇಳಿ? ರನ್‌ಗೆ ಓಡುವವನ ಚಿತ್ರ ಇದೆ, ಈಟ್‌ಗೆ ತಟ್ಟೆ ಇದೆ, ಗೆಟ್‌ಗೆ ಏನಿದೆ? ಸಾಲದ್ದಕ್ಕೆ ಸಂಜೆ ಹೊತ್ತಿಗೇ ಕರೆಂಟ್ ಹೋಗುತ್ತಿತ್ತು. ಅದನ್ನು 6 ಸಾವಿರಕ್ಕೆ ಮಾರಿದೆ. ರೂಮಿನ ಬಾಡಿಗೆ ಆಗ ಐದೂವರೆ ಸಾವಿರ, ಫೀಸು ತಲೆಗೆ 900. ಎರಡನೇ ವಾರಕ್ಕೆ ಅರ್ಧ ಜನ ಮಾಯ. ಅದರಲ್ಲೂ ಕೆಲವರು ಫೀಸ್ ವಾಪಸ್ ಕೇಳುವವರು. ಒಂದು ತಿಂಗಳಂತೂ ಬಾಡಿಗೆ ನಮ್ಮ ಮನೆಯವರ ಜೇಬಿನಿಂದಲೇ ಹೋಯಿತು. ಅದನ್ನು ಅವರು ಇವತ್ತಿಗೂ ಮರೆತಿಲ್ಲ.

ದಾರಿ ಸಿಕ್ಕಿದ್ದು ಆ ‘ಫಾರ್ ಮಿ ಫೀವರ್ ಕೇಮ್’ನಿಂದಲೇ. ಎಲ್ಲರ ತಪ್ಪನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ. ಒಂದು ರಾತ್ರಿ ಕೂತು ಓದಿದರೆ ಮುಕ್ಕಾಲು ಪಾಲು ತಪ್ಪು ‘ನನಗೆ’ಯಿಂದ ಶುರುವಾಗುವ ಕನ್ನಡ ವಾಕ್ಯಗಳದ್ದು. ನನಗೆ ಕೆಲಸ ಸಿಕ್ಕಿತು. ನನಗೆ ಸಂಬಳ ಬಂತು. ನನಗೆ ಫೋನ್ ಬಂತು. ನನಗೆ ಜ್ವರ ಬಂತು. ನನಗೆ ಸುಸ್ತಾಯಿತು. ನನಗೆ ಅರ್ಥ ಆಯಿತು. ನಮ್ಮಲ್ಲಿ ಕೆಲಸ, ಸಂಬಳ, ಜ್ವರ ಇವೇ ಬರುತ್ತವೆ, ನಾವು ಸುಮ್ನೆ ಕೂತಿರುತ್ತೇವೆ. ಇಂಗ್ಲಿಷ್‌ನಲ್ಲಿ ಇಷ್ಟೂ ವಾಕ್ಯ ‘ಐ ಗಾಟ್’ (I got, ಗೆಟ್‌ನ ಭೂತಕಾಲ) ಅಂತ ಶುರುವಾಗುತ್ತೆ. ಐ ಗಾಟ್ ಎ ಜಾಬ್. ಐ ಗಾಟ್ ಮೈ ಸ್ಯಾಲರಿ. ಐ ಗಾಟ್ ಎ ಕಾಲ್. ಐ ಗಾಟ್ ಎ ಫೀವರ್. ಐ ಗಾಟ್ ಟೈಯರ್ಡ್. ಐ ಗಾಟ್ ಇಟ್. ಅಂದರೆ ಗೆಟ್‌ನ ಅರ್ಥಗಳನ್ನು ಎಣಿಸುವುದೇ ಬೇಡ. ಕನ್ನಡದ ಕಡೆಯಿಂದ ಹೊರಡಬೇಕು: ‘ನನಗೆ’ ಇದ್ದು ಕೊನೆಗೆ ಸಿಕ್ಕಿತು, ಬಂತು, ಆಯಿತು ಇದ್ದರೆ ಮೊದಲು ‘ಐ ಗಾಟ್’ ಅನ್ನು, ಆಮೇಲೆ ಯೋಚನೆ ಮಾಡು.

ಮೊದಲ ವಾರ ಇಷ್ಟೇ. ನಾನು ಕನ್ನಡದಲ್ಲಿ ಒಂದು ವಾಕ್ಯ ಎಸೆಯುತ್ತೇನೆ, ಅವರು ಐ ಗಾಟ್ ಅಂತ ಹಿಡಿಯಬೇಕು. ಬೋರ್ಡ್ ಇಲ್ಲ, ಬರೆಯುವುದಿಲ್ಲ. ಎರಡನೇ ದಿನಕ್ಕೇ ಒಬ್ಬ ಟ್ಯಾಕ್ಸಿ ಹುಡುಗ ‘ಯೆಸ್ಟರ್ಡೇ ಐ ಗಾಟ್ ಗುಡ್ ಬಾಡಿಗೆ’ ಅಂದ. ಬಾಡಿಗೆ ಕನ್ನಡವೇ ಇರಲಿ, ವಾಕ್ಯ ನಿಂತಿತಲ್ಲ!

ತೊಡಕು ಇರುವುದು ‘ಬಂತು’ ಮತ್ತು ‘ಆಯಿತು’ನಲ್ಲಿ. ನಾವು ಕೋಪ, ನಿದ್ದೆ, ಹಸಿವು ಅನ್ನುತ್ತೇವೆ, ಎಲ್ಲ ನಾಮಪದ. ಗೆಟ್ ಪಕ್ಕ ಅಲ್ಲಿ ಆಂಗ್ರಿ, ಸ್ಲೀಪಿ, ಹಂಗ್ರಿ ಬರಬೇಕು. ‘ಐ ಗಾಟ್ ಸ್ಲೀಪ್’, ‘ಐ ಗಾಟ್ ಆಂಗರ್’ ಅನ್ನದ ಬ್ಯಾಚೇ ಇಲ್ಲ. ಇನ್ನು ಕೆಲವು ಕಡೆ ಗೆಟ್ ಒಗ್ಗುವುದೇ ಇಲ್ಲ. ನೆನಪು ಬಂತು ಅಂದರೆ ಐ ರಿಮೆಂಬರ್ಡ್. ಕಾರು ಓಡಿಸೋಕೆ ಬರುತ್ತೆ ಅಂದರೆ ಐ ಕ್ಯಾನ್ ಡ್ರೈವ್. ಆಪರೇಷನ್ ಆಯಿತು ಅಂದರೆ ಐ ಹ್ಯಾಡ್ ಆನ್ ಆಪರೇಷನ್. ಮಗು ಆಯಿತು ಅನ್ನುವುದಕ್ಕೆ ‘ಐ ಗಾಟ್ ಎ ಬೇಬಿ’ ಅಂದರೆ ಎಲ್ಲಿಂದಲೋ ತಂದುಕೊಂಡ ಹಾಗಿರುತ್ತೆ, ಐ ಹ್ಯಾಡ್ ಎ ಬೇಬಿ ಅನ್ನಬೇಕು. ಇಪ್ಪತ್ತು ವರ್ಷ ಆಯಿತು ಅಂದರೆ ಐ ಟರ್ನ್ಡ್ ಟ್ವೆಂಟಿ. ‘ಐ ಗಾಟ್ ಲೇಟ್’ ಅಂತೂ ನಮ್ಮ ಕಡೆ ಓದಿದವರೂ ಹೇಳುತ್ತಾರೆ. ಐ ವಾಸ್ ಲೇಟ್ ಅನ್ನಬೇಕು, ಹೊತ್ತಾಯಿತು ಅನ್ನುವುದಾದರೆ ಇಟ್ ಗಾಟ್ ಲೇಟ್. ಇವನ್ನೆಲ್ಲ ದೊಡ್ಡ ಡ್ರಾಯಿಂಗ್ ಶೀಟ್‌ನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಮೇಲೆ ‘ಬೇಡ’ ಅಂತ ಹೆಸರು. ಇದಕ್ಕೆ ಒಂದು ರೂಲ್ ಹೇಳಿ ಅಂತ ಕೇಳುತ್ತಾರೆ. ರೂಲ್ ಹೇಳಲು ಹೋದರೆ ಮತ್ತೆ ಅದೇ 7 ಸಾವಿರದ ಪುಸ್ತಕ ಆಗುತ್ತೆ. ಆ ಶೀಟ್‌ಗೆ ಆದ ಖರ್ಚು 10 ರೂಪಾಯಿ.

ನನಗೆ ನಿಜವಾಗಿ ಹೆಮ್ಮೆ ಇರುವುದು ಎರಡನೇ ವಾರದ್ದರ ಬಗ್ಗೆ. ನಮ್ಮ ‘ಇಸು’. ಮಾಡಿಸು, ಹೊಲಿಸು, ಬರೆಸು, ತೆಗೆಸು. ಬೇರೆಯವರ ಕೈಲಿ ಮಾಡಿಸಿದ ಕೆಲಸಕ್ಕೆ ನಮ್ಮಲ್ಲಿ ಒಂದೇ ಪದ ಸಾಕು. ಇಂಗ್ಲಿಷ್‌ಗೆ ಬಂದಾಗ ನಮ್ಮವರು ಎಲ್ಲವನ್ನೂ ತಾವೇ ಮಾಡಿಬಿಡುತ್ತಾರೆ: ‘ಐ ಕಟ್ ಮೈ ಹೇರ್’, ‘ಐ ಸ್ಟಿಚ್ಡ್ ಮೈ ಬ್ಲೌಸ್’, ‘ಐ ರಿಪೇರ್ಡ್ ಮೈ ಬೈಕ್’. ಕಟಿಂಗ್ ಶಾಪಿನವನಿಗೂ ಟೈಲರ್‌ಗೂ ಮೆಕ್ಯಾನಿಕ್‌ಗೂ ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ಕೇಳುತ್ತೇನೆ. ಇಲ್ಲಿ ಗೆಟ್ ಬರಬೇಕು. ಐ ಗಾಟ್ ಮೈ ಹೇರ್ ಕಟ್. ಐ ಗಾಟ್ ಮೈ ಬ್ಲೌಸ್ ಸ್ಟಿಚ್ಡ್. ಐ ಗಾಟ್ ಮೈ ಬೈಕ್ ರಿಪೇರ್ಡ್. ಗಮನಿಸಿ, ಬ್ಲೌಸ್ ಹೊಲಿಸಿದೆ ಅನ್ನುವಾಗ ನಮ್ಮಲ್ಲೂ ಬ್ಲೌಸ್ ಮೊದಲು, ಹೊಲಿಗೆ ಆಮೇಲೆ. ಇಂಗ್ಲಿಷ್‌ನಲ್ಲೂ ಅದೇ ಸಾಲು. ನಮ್ಮ ಮಾತಿನ ಜಾಡಿನಲ್ಲೇ ಹೋಗುವ ಇಂಗ್ಲಿಷ್ ವಾಕ್ಯ ಸಿಗುವುದೇ ಅಪರೂಪ, ಇಲ್ಲಿ ಸಿಕ್ಕಿದೆ, ಬಿಡಬೇಡಿ. ತಿರುಗಿಸಿ ‘ಐ ಗಾಟ್ ಸ್ಟಿಚ್ಡ್ ಮೈ ಬ್ಲೌಸ್’ ಅಂದರೆ ಕೆಟ್ಟಿತು. ಯಾರ ಕೈಲಿ ಮಾಡಿಸಿದೆ ಅಂತ ಹೇಳಬೇಕಾದರೆ ಆ ಮನುಷ್ಯ ಬರುತ್ತಾನೆ, ಜೊತೆಗೆ ಒಂದು ‘ಟು’ ಬರುತ್ತೆ: ಅಣ್ಣನ ಕೈಲಿ ಅರ್ಜಿ ಬರೆಸಿದೆ, ಐ ಗಾಟ್ ಮೈ ಬ್ರದರ್ ಟು ರೈಟ್ ದ ಅಪ್ಲಿಕೇಶನ್.

ಈ ವಾರ ಕ್ಲಾಸಿನಲ್ಲಿ ಎಲ್ಲರ ಮನೆ ಕೆಲಸವೂ ಹೊರಗೆ ಬರುತ್ತೆ. ಆಲೂಗಡ್ಡೆ ತೆಗೆಸಿದ್ದು, ಆಧಾರ್‌ನಲ್ಲಿ ಹೆಸರು ತಿದ್ದಿಸಿದ್ದು, ಬೋರ್‌ವೆಲ್ ಹೊಡೆಸಿದ್ದು, ಸಕಲೇಶಪುರದ ಕಡೆಯವರು ಮೆಣಸು ಕೊಯ್ಯಿಸಿದ್ದು. ಮದುವೆ ಬಂದರೆ ಎರಡೂ ಪಾಠ ಒಟ್ಟಿಗೇ ಸಿಗುತ್ತೆ. ಅಕ್ಕನಿಗೆ ಮದುವೆ ಆಯಿತು, ಮೈ ಸಿಸ್ಟರ್ ಗಾಟ್ ಮ್ಯಾರೀಡ್. ಅಪ್ಪ ಅಕ್ಕನಿಗೆ ಮದುವೆ ಮಾಡಿಸಿದರು, ಮೈ ಫಾದರ್ ಗಾಟ್ ಮೈ ಸಿಸ್ಟರ್ ಮ್ಯಾರೀಡ್. ಒಬ್ಬಳು ಗಾರ್ಮೆಂಟ್ಸ್ ಹುಡುಗಿ ಎದ್ದು ನಿಂತು, ತಡವರಿಸದೆ, ‘ಮೈ ಮದರ್ ಈಸ್ ಟ್ರೈಯಿಂಗ್ ಟು ಗೆಟ್ ಮಿ ಮ್ಯಾರೀಡ್, ಬಟ್ ಐ ವಾಂಟ್ ಟು ಗೆಟ್ ಎ ಬೆಟರ್ ಜಾಬ್ ಫಸ್ಟ್’ ಅಂದಳು. ಹಿಂದಿನ ಎಷ್ಟೋ ಬ್ಯಾಚ್‌ಗಳಲ್ಲಿ ಆರು ತಿಂಗಳಾದರೂ ಇಷ್ಟು ಉದ್ದದ ವಾಕ್ಯ ಕೇಳಿರಲಿಲ್ಲ.

ಮೂರನೇ ವಾರ ಓಡಾಟ. ಗೆಟ್ ಟು ಹಾಸನ್, ಗೆಟ್ ಟು ದ ಆಫೀಸ್, ಆದರೆ ಗೆಟ್ ಹೋಮ್, ಅಲ್ಲಿ ಟು ಇಲ್ಲ. ಹಿಯರ್, ದೇರ್ ಇದ್ದರೂ ಇಲ್ಲ. ಬಸ್ಸು ರೈಲಿಗೆ ಗೆಟ್ ಆನ್, ಗೆಟ್ ಆಫ್. ಕಾರು ಆಟೋಗೆ ಗೆಟ್ ಇನ್, ಗೆಟ್ ಔಟ್. ಒಳಗೆ ನಿಂತು ನಡೆದಾಡುವ ಹಾಗಿದ್ದರೆ ಆನ್, ಬಗ್ಗಿ ಕೂರಬೇಕಾದರೆ ಇನ್, ಇಷ್ಟು ಹೇಳಿದರೆ ಸಾಕಾಗುತ್ತೆ. ಟ್ಯಾಕ್ಸಿಯವರಿಗೆ ಮಾತ್ರ ‘ಗೆಟ್ ಔಟ್’ ಅಂತ ಬರೀ ಹಾಗೇ ಹೇಳಬೇಡಿ, ಗಿರಾಕಿ ಸಿಟ್ಟಾಗುತ್ತಾರೆ, ‘ಯು ಕ್ಯಾನ್ ಗೆಟ್ ಔಟ್ ಹಿಯರ್, ಸರ್’ ಅನ್ನಿ ಅಂತ ಹೇಳಿಕೊಟ್ಟಿದ್ದೇನೆ. ‘ಗೆಟ್ ಡೌನ್’ ಬಗ್ಗೆ ನನ್ನ ನಾದಿನಿ ಜೊತೆ ದೊಡ್ಡ ಜಗಳವೇ ಆಯಿತು. ಬಸ್ಸಿಂದ ಇಳಿಯುವುದಕ್ಕೆ ನಮ್ಮ ದೇಶದಲ್ಲೆಲ್ಲ ಅದನ್ನೇ ಹೇಳುವುದು, ಬ್ರಿಟನ್ನಿನವರು ಗೆಟ್ ಆಫ್ ಅನ್ನುತ್ತಾರೆ. ನಾನು ಎರಡನ್ನೂ ಹೇಳಲು ಬಿಡುತ್ತೇನೆ. ಹಾಸನದಲ್ಲಿ ಇಳಿಯುವವನಿಗೆ ಹಾಸನದ ಇಂಗ್ಲಿಷ್ ಸಾಕು, ಬೇಲೂರಿನಲ್ಲಿ ಫಾರಿನರ್ಸ್ ಜೊತೆ ಮಾತಾಡುವವನಿಗೆ ಗೆಟ್ ಆಫ್ ಗೊತ್ತಿದ್ದರೆ ಒಳ್ಳೆಯದು.

ಒಂದು ಬ್ಯಾಚನ್ನು ಭಾನುವಾರ ಬಸ್ಸಿನಲ್ಲೇ ಬೇಲೂರಿಗೆ ಕರೆದುಕೊಂಡು ಹೋದೆ. ಹೆಚ್ಚುಕಡಿಮೆ 40 ಕಿಲೋಮೀಟರ್, ದಾರಿಯುದ್ದಕ್ಕೂ ಗೆಟ್ ಇಲ್ಲದೆ ಬಾಯಿ ಬಿಡುವಂತಿಲ್ಲ ಅಂತ ಕಟ್ಟುಪಾಡು. ಪಾಠ ಆಗಿದ್ದು ಅಷ್ಟಕ್ಕಷ್ಟೇ, ನಗು ಜಾಸ್ತಿ, ಕಂಡಕ್ಟರ್ ಕೂಡ ‘ಗೆಟ್ ಟಿಕೆಟ್, ಗೆಟ್ ಟಿಕೆಟ್’ ಅಂತ ಶುರು ಮಾಡಿದರು. ಊಟ ತಿಂಡಿ ಎಲ್ಲ ಸೇರಿ ಒಂದೂವರೆ ಸಾವಿರ ಕೈಬಿಟ್ಟಿತು. ಮತ್ತೆ ಮಾಡಲಿಲ್ಲ. ಆದರೆ ಆ ದಿನದ ಮಾತಿನಲ್ಲೇ ಒಂದು ವಾಕ್ಯ ಹುಟ್ಟಿತು, ಈಗ ಪ್ರತಿ ಬ್ಯಾಚಿಗೂ ಅದೇ ಬೋಣಿ: ‘ವಿ ಗಾಟ್ ಸ್ಟಕ್ ಇನ್ ಶಿರಾಡಿ ಘಾಟ್’. ಮಳೆಗಾಲದಲ್ಲಿ ಮಂಗಳೂರು ರಸ್ತೆ ಹಿಡಿದವರು ಯಾರೂ ಇದನ್ನು ಮರೆಯುವುದಿಲ್ಲ. ಗಾಟ್, ಘಾಟ್ ಎರಡೂ ಒಂದೇ ಉಸಿರಿನಲ್ಲಿ ಬರುವುದರಿಂದ ‘ಗೇಟ್’ ಅಂತ ಎಳೆಯುತ್ತಿದ್ದವರ ನಾಲಿಗೆಯೂ ತಿರುಗುತ್ತೆ.

ಮನೆಯಲ್ಲಿ ಉರ್ದು ಮಾತಾಡುವ ಹುಡುಗರಿಗೆ ಇದು ಹಿಡಿಯುತ್ತಾ ಅಂತ ಅನುಮಾನ ಇತ್ತು. ಇನ್ನೂ ಬೇಗ ಹಿಡಿಯಿತು. ಅವರಲ್ಲೂ ‘ಮುಝೆ ಮಿಲಾ’ ಅಲ್ವಾ, ನಮ್ಮ ‘ನನಗೆ ಸಿಕ್ಕಿತು’ ಇದ್ದ ಹಾಗೇ. ಮಾಡಿಸುವುದಕ್ಕೂ ಅವರಲ್ಲಿ ‘ಕರ್‌ವಾಯಾ’ ಇದೆ. ಇಂಗ್ಲಿಷ್ ಮೀಡಿಯಂನಿಂದ ಬಂದ ಒಂದಿಬ್ಬರಿಗೆ ಮಾತ್ರ ಈ ಮೆಥಡ್ ಬೋರ್ ಆಯಿತು, ಅವರು ವಾಕ್ಯವನ್ನು ಕನ್ನಡದಲ್ಲಿ ಯೋಚಿಸಿ ಶುರು ಮಾಡುವುದೇ ಇಲ್ಲ. ಅಂಥವರನ್ನು ಈಗ ಸೇರಿಸಿಕೊಳ್ಳುವುದಿಲ್ಲ.

‘ಗಾಟನ್’ (gotten, ಗೆಟ್‌ನ ಇನ್ನೊಂದು ರೂಪ) ಬಗ್ಗೆ ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ, ಮೊಬೈಲಲ್ಲಿ ಸೀರೀಸ್ ನೋಡುವವರು. ಅದು ಅಮೆರಿಕದವರ ಮಾತು. ಬ್ರಿಟನ್ನಿನಲ್ಲಿ ಹ್ಯಾಸ್ ಗಾಟ್ ಅಂತಲೇ. ಫರ್‌ಗಾಟನ್‌ನಂಥ ಪದಗಳಲ್ಲಿ ಮಾತ್ರ ಎಲ್ಲರಿಗೂ ಉಳಿದಿದೆ. ಇದರ ಮೇಲೆ ಐದು ನಿಮಿಷಕ್ಕಿಂತ ಜಾಸ್ತಿ ಕಳೆಯಬೇಡಿ. ‘ಹ್ಯಾವ್ ಗಾಟ್’ ಮತ್ತು ‘ಹ್ಯಾವ್ ಗಾಟ್ ಟು’ ಮಾತ್ರ ಬಿಡುವಂತಿಲ್ಲ. ಐ ಹ್ಯಾವ್ ಗಾಟ್ ಟೂ ಬ್ರದರ್ಸ್ ಅಂದರೆ ಇಬ್ಬರು ಇದ್ದಾರೆ, ಹೊಸದಾಗಿ ಸಿಕ್ಕಿದ್ದಲ್ಲ. ಐ ಹ್ಯಾವ್ ಗಾಟ್ ಟು ಗೋ ಅಂದರೆ ಹೋಗಲೇಬೇಕು. ಇವೆರಡನ್ನೂ ಕಲಸಿಕೊಳ್ಳದ ಹಾಗೆ ಕಲಿಸುವುದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಕೊನೇ ವಾರ ಯಾವ ವಾಕ್ಯ ಯಾವುದರ ಹಿಂದೆ ಕೇಳಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಎರಡನ್ನೂ ಇಲ್ಲಿ ಬರೆಯುವುದಿಲ್ಲ. ನಮ್ಮ ರಸ್ತೆಯಲ್ಲೇ ಇನ್ನೆರಡು ಕ್ಲಾಸ್ ಇವೆ ಸ್ವಾಮಿ, ಬಾಡಿಗೆ ಕಟ್ಟಬೇಕಲ್ಲ.

ಒಂದು ಎಚ್ಚರಿಕೆ. ಗೆಟ್ ಬಾಯಿಗೆ ಹತ್ತಿದ ಮೇಲೆ ಅರ್ಜಿ, ಇಮೇಲ್‌ನಲ್ಲೂ ಅದನ್ನೇ ತುಂಬುತ್ತಾರೆ. ಕಾಗದದಲ್ಲಿ ಐ ಹ್ಯಾವ್ ರಿಸೀವ್ಡ್ ಯುವರ್ ಲೆಟರ್ ಅಂತಲೇ ಬರೆಯಲಿ. ಬ್ಯಾಂಕ್ ಇಂಟರ್‌ವ್ಯೂಗೆ ಹೋಗುವವರಿಗೆ ಕೊನೇ ಎರಡು ದಿನ ರಿಸೀವ್, ಬಿಕಮ್, ಅರೈವ್, ಅಂಡರ್‌ಸ್ಟ್ಯಾಂಡ್ ಹಾಕಿ ಅದೇ ವಾಕ್ಯಗಳನ್ನು ಮತ್ತೆ ಹೇಳಿಸುತ್ತೇನೆ. ಆಗ ಡಿಕ್ಷನರಿ ಅರ್ಥಗಳು ತಾವಾಗಿಯೇ ಬಂದುಬಿಡುತ್ತವೆ, ನಾನು ದುಡ್ಡು ಕೊಟ್ಟು ಪ್ರಿಂಟ್ ಮಾಡಿಸಿದ್ದು ಅದನ್ನೇ.

ಈಗ ಫೀಸು 1,200 ಮಾಡಿದ್ದೇನೆ, ಬ್ಯಾಚಿಗೆ ಹದಿನೆಂಟು ಇಪ್ಪತ್ತು ಜನ, ಯಾರೂ ಚೌಕಾಸಿ ಮಾಡಲಿಲ್ಲ. ನಾದಿನಿ ಒಪ್ಪಿಕೊಂಡರು ಅಂತಲ್ಲ, ಆದರೆ ತಮ್ಮ ಸೊಸೆಯನ್ನು ಮುಂದಿನ ಬ್ಯಾಚಿಗೆ ಕಳಿಸುತ್ತಿದ್ದಾರೆ, ಫುಲ್ ಫೀಸ್ ಕೊಟ್ಟು.

ಇದೇ ದಾರಿಯಲ್ಲಿ ‘ಟೇಕ್’ ಕಲಿಸಲು ಹೋದೆ, ಇನ್ನೂ ಕುದುರಿಲ್ಲ. ನಮ್ಮ ‘ತಗೊಳ್ಳು’ ಅರ್ಧ ದಾರಿಯವರೆಗೂ ಜೊತೆಗೆ ಬರುತ್ತೆ: ಮಾತ್ರೆ ತಗೊಂಡೆ, ರಜೆ ತಗೊಂಡೆ, ಎಲ್ಲ ಸರಿ. ಆಮೇಲೆ ‘ಟೀ ತಗೊಳ್ಳಿ’ ಅನ್ನುವುದಕ್ಕೆ ‘ಟೇಕ್ ಟೀ’ ಅಂತಾರೆ, ಅಲ್ಲಿ ಹ್ಯಾವ್ ಬೇಕು. ಎರಡು ಗಂಟೆ ಹಿಡಿಯುತ್ತೆ ಅನ್ನುವಲ್ಲಿ ತಗೊಳ್ಳು ಬರುವುದೇ ಇಲ್ಲ, ಅಲ್ಲಿ ಟೇಕ್ ಬೇಕು. ‘ಹಿಡಿ’ಯಿಂದ ಹೊರಟರೆ ಹೇಗೆ ಅಂತ ನೋಡುತ್ತಿದ್ದೇನೆ. ಹಾಸನಾಂಬ ಜಾತ್ರೆ ಗಲಾಟೆ ಮುಗಿದು ಹುಡುಗರು ವಾಪಸ್ ಬಂದ ಮೇಲೆ ಒಂದು ಬ್ಯಾಚಿನ ಮೇಲೆ ಹಾಕಿ ನೋಡುತ್ತೇನೆ. ಯಾರಾದರೂ ಟೇಕ್‌ಗೆ ಕನ್ನಡದ ಕಡೆಯಿಂದ ಹೋಗಿದ್ದರೆ ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅನ್ನುವುದನ್ನಾದರೂ ತಿಳಿಸಿ.