ಬ್ರಿಟನಿಯ ಉತ್ತರ ಕರಾವಳಿಯಲ್ಲಿ ಸೈಕಲ್: ಅಳಿವೆಗಳ ಲೆಕ್ಕ

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಬ್ರಿಟನಿಯಲ್ಲಿ ಬೆಟ್ಟಗಳೆಂದು ಹೇಳಿಕೊಳ್ಳುವಂಥವು ಹೆಚ್ಚೇನಿಲ್ಲ. ಅಲ್ಲಿನ ಅತ್ಯಂತ ಎತ್ತರದ ನೆಲೆಯಾದ ರೋಕ್ ರುಜ್ ಸಮುದ್ರಮಟ್ಟದಿಂದ 385 ಮೀಟರ್ ಮಾತ್ರ ಎತ್ತರದಲ್ಲಿದೆ; ನಮ್ಮ ಬೆಂಗಳೂರು ಅದರ ಎರಡು ಪಟ್ಟಿಗಿಂತ ಮೇಲಿದೆ. ಹಾಗಿದ್ದೂ ಈ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿ 100 ಕಿ.ಮೀ. ಸೈಕಲ್ ತುಳಿದ ದಿನ ಒಟ್ಟು ಏರಿಕೆ ಸಾವಿರ ಮೀಟರ್ ದಾಟುವುದು ಸಾಮಾನ್ಯ ಸಂಗತಿ. ಉದ್ಯೋಗದ ನಿಮಿತ್ತ ರೆನ್ ನಗರದಲ್ಲಿ ನೆಲೆಸಿರುವ ನಾನು ಬೇಸಿಗೆಯ ರಜೆಗಳಲ್ಲಿ ರೋಸ್ಕಾಫ್, ಪೇಂಪೋಲ್ ಮತ್ತು ಕಾರೇ ಎಂಬ ಮೂರು ಊರುಗಳ ನಡುವಿನ ರಸ್ತೆಗಳಲ್ಲಿ ಓಡಾಡುತ್ತ ಬಂದಿದ್ದೇನೆ. ಆ ಸವಾರಿಗಳನ್ನು ಹೇಗೆ ಯೋಜಿಸಿದೆ, ದಾರಿಯಲ್ಲಿ ಯಾವುದು ಕೆಲಸಕ್ಕೆ ಬಂತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಬ್ರಿಟನಿಯ ನೆಲ ಬಹಳ ಹಳೆಯದು. ಒಂದು ಕಾಲದಲ್ಲಿ ಎತ್ತರವಾಗಿದ್ದ ಪರ್ವತಗಳು ಸವೆದು ಪ್ರಸ್ಥಭೂಮಿಯಾಗಿ, ಅದನ್ನು ಚಿಕ್ಕ ಚಿಕ್ಕ ನದಿಗಳು ಆಳವಾಗಿ ಕೊರೆದು, ಹಿಮಯುಗ ಮುಗಿದು ಸಮುದ್ರಮಟ್ಟ ಏರಿದಾಗ ಆ ಕಣಿವೆಗಳ ಕೆಳಭಾಗಕ್ಕೆ ಉಪ್ಪುನೀರು ನುಗ್ಗಿದ್ದರಿಂದ, ಇಂದು ಕರಾವಳಿಯುದ್ದಕ್ಕೂ ಉದ್ದನೆಯ ಅಳಿವೆಗಳು ಒಳನಾಡಿನವರೆಗೆ ಹಬ್ಬಿಕೊಂಡಿವೆ. ರಸ್ತೆಯು ಪ್ರಸ್ಥಭೂಮಿಯ ಮೇಲಿಂದ ಒಂದು ಕೊಲ್ಲಿಗೆ ಇಳಿಯುತ್ತದೆ, ಹತ್ತಾರು ಮನೆಗಳನ್ನೂ ಒಂದು ದೋಣಿಕಟ್ಟೆಯನ್ನೂ ತೋರಿಸುತ್ತದೆ, ಕೂಡಲೇ ಮತ್ತೆ ಏರುತ್ತದೆ. ಒಂದು ಏರಿನಲ್ಲಿ ಸಿಗುವುದು 50ರಿಂದ 80 ಮೀಟರ್ ಅಷ್ಟೆ; ಆದರೆ ಇಂಥವು ಗರಗಸದ ಹಲ್ಲುಗಳಂತೆ ಒಂದರ ಹಿಂದೊಂದು ಬರುತ್ತವೆ, ಇಳಿಜಾರಿನ ಪ್ರಮಾಣ ಕೆಲವೆಡೆ ಶೇ. 12ನ್ನು ಮೀರುತ್ತದೆ. ಆದಕಾರಣ ನಾನು ದಿನದ ಯೋಜನೆಯನ್ನು ಕಿಲೋಮೀಟರ್‌ನಲ್ಲಿ ಹಾಕುವುದಿಲ್ಲ. ಫ್ರಾನ್ಸಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಐಜಿಎನ್‌ನ ನಕಾಶೆಯನ್ನು ಹರಡಿಕೊಂಡು, ನನ್ನ ದಾರಿ ಎಷ್ಟು ನೀಲಿ ಗೆರೆಗಳನ್ನು ದಾಟುತ್ತದೆ ಎಂದು ಎಣಿಸುತ್ತೇನೆ. ಕಿರುಹೊಳೆಯಾದರೂ ಅದನ್ನು ದಾಟುವುದೆಂದರೆ ಒಂದು ಇಳಿತ, ಒಂದು ಏರು. ಹೆಚ್ಚು ಗೆರೆಗಳಿರುವ ಕರಾವಳಿಯ 60 ಕಿ.ಮೀ., ಸಮತಟ್ಟಾದ ಒಳನಾಡಿನ 90 ಕಿ.ಮೀ.ಗಿಂತ ಹೆಚ್ಚು ಸಮಯ ಬೇಡುತ್ತದೆ.

ದೊಡ್ಡ ಅಳಿವೆಗಳದ್ದು ಬೇರೆಯೇ ಲೆಕ್ಕ. ಲೆಗೇರ್ ನದಿಯ ಮುಖದ ಬಳಿ ಲ ಯೋದೆ ಎಂಬ ದಿಣ್ಣೆಯ ಮೇಲೆ ನಿಂತರೆ ಎದುರು ದಡ ಕೂಗಳತೆಯಲ್ಲಿ ಕಾಣುತ್ತದೆ. ಅಲ್ಲಿಗೆ ಹೋಗಬೇಕಾದರೆ ಮಾತ್ರ ಒಳನಾಡಿನ ಲಾನಿಯೋಂ ಪಟ್ಟಣದ ಸೇತುವೆಯವರೆಗೆ ಹೋಗಿ, ಇನ್ನೊಂದು ದಡದಲ್ಲಿ ಅಷ್ಟೇ ದೂರ ಹಿಂದಿರುಗಬೇಕು. ಜೋದಿ ನದಿಗೆ ತ್ರೆಗಿಯೆಯಲ್ಲಿ, ತ್ರಿಯೋ ನದಿಗೆ ಲೆಜಾರ್ದ್ರಿಯೋದಲ್ಲಿ, ಪೆಂಜೇ ನದಿಗೆ ಪೋಂ ದ ಲಾ ಕೋರ್ದ್‌ನಲ್ಲಿ ಸೇತುವೆಗಳಿವೆ. ಈ ನಾಲ್ಕು ಜಾಗಗಳನ್ನು ಮೊದಲು ನಕಾಶೆಯಲ್ಲಿ ಗುರುತಿಸಿಕೊಂಡು, ಉಳಿದ ದಾರಿಯನ್ನು ಅವುಗಳ ನಡುವೆ ಹೊಂದಿಸುವುದು ನನ್ನ ಪದ್ಧತಿ. ಲೆಜಾರ್ದ್ರಿಯೋದ ತೂಗುಸೇತುವೆ ನೀರಿನಿಂದ ಬಹಳ ಮೇಲಿರುವುದರಿಂದ ಅಡ್ಡಗಾಳಿ ಜೋರಾಗಿರುತ್ತದೆ. ಹ್ಯಾಂಡಲ್ ಬಾರಿನ ಕೆಳಭಾಗವನ್ನು ಹಿಡಿದು ದಾಟುವುದು ಒಳ್ಳೆಯದು.

ನಂದಿಬೆಟ್ಟ ಹತ್ತಿ ಅಭ್ಯಾಸವಾದವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಅಲ್ಲಿ ಏಳೆಂಟು ಕಿ.ಮೀ. ಉದ್ದಕ್ಕೂ ಒಂದೇ ಲಯ ಹಿಡಿದು ಕೂತರೆ ಏರು ತಾನಾಗಿಯೇ ಮುಗಿಯುತ್ತದೆ. ಇಲ್ಲಿ ಲಯ ಕೂಡಿಬರುವಷ್ಟರಲ್ಲಿ ಏರು ಮುಗಿದಿರುತ್ತದೆ. ಐನೂರು ಮೀಟರ್ ಉದ್ದದ ಏರು ತಾನೇ ಎಂದು ಎದ್ದುನಿಂತು ತುಳಿಯುವ ಆಸೆಯಾಗುತ್ತದೆ, ಹಾಗೆ ತುಳಿದರೆ ಮಧ್ಯಾಹ್ನದ ಹೊತ್ತಿಗೆ ತೊಡೆಗಳು ಸೋಲುತ್ತವೆ. ನಾನು ಮುಂದೆ 34 ಹಲ್ಲಿನ ಚಿಕ್ಕ ಚೈನ್‌ರಿಂಗ್, ಹಿಂದೆ 34 ಹಲ್ಲಿನವರೆಗಿನ ಕ್ಯಾಸೆಟ್ ಹಾಕಿಸಿಕೊಂಡು, ಪ್ರತಿ ಏರನ್ನೂ ಕೂತೇ ಹತ್ತುತ್ತೇನೆ. ಇಳಿಜಾರಿನ ತಳದಲ್ಲಿ ಹೆಚ್ಚಾಗಿ ತಿರುವು, ಕಿರುಸೇತುವೆ, ಕೆಲವೊಮ್ಮೆ ಟ್ರ್ಯಾಕ್ಟರ್ ಇರುವುದರಿಂದ ಇಳಿದ ವೇಗವನ್ನೇ ಬಂಡವಾಳ ಮಾಡಿಕೊಂಡು ಮುಂದಿನ ಏರು ಹತ್ತುವ ಉಪಾಯ ನಡೆಯುವುದು ಅಪರೂಪ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಂಡಿರಬೇಕು.

ಗಾಳಿಯ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ: ಕರಾವಳಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ತುಳಿಯಬೇಕು, ಮರಳುವಾಗ ಒಳನಾಡಿನಿಂದ ಬರಬೇಕು. ಇಲ್ಲಿ ಗಾಳಿ ಬಹುಪಾಲು ಪಶ್ಚಿಮ ಅಥವಾ ನೈಋತ್ಯದಿಂದ ಬೀಸುತ್ತದೆ. ಕಡಲ ಅಂಚಿನ ರಸ್ತೆಗೆ ಮರೆಯೇ ಇಲ್ಲದ ಕಾರಣ ಎದುರುಗಾಳಿ ಅಲ್ಲಿ ಶಿಕ್ಷೆಯಾಗುತ್ತದೆ. ಒಳನಾಡಿನಲ್ಲಿ ಹೊಲಗಳ ಸುತ್ತ ಎತ್ತರದ ಮಣ್ಣಿನ ಬದುಗಳು, ಅವುಗಳ ಮೇಲೆ ಓಕ್, ಹೇಜಲ್ ಮರಗಳ ಬೇಲಿ, ನಡುವೆ ತಗ್ಗಿನಲ್ಲಿ ಸಾಗುವ ಕಿರುರಸ್ತೆ ಇರುವುದರಿಂದ ಅದೇ ಗಾಳಿ ತಲೆಯ ಮೇಲೆಯೇ ಹಾದುಹೋಗುತ್ತದೆ. ಆದರೆ ಈ ಬೇಲಿಗಳು ಎಲ್ಲೆಡೆಯೂ ಉಳಿದಿಲ್ಲ. 1960 ಮತ್ತು 70ರ ದಶಕಗಳಲ್ಲಿ ಹಿಡುವಳಿಗಳನ್ನು ಒಗ್ಗೂಡಿಸಿ ಯಂತ್ರಗಳಿಗೆ ಅನುಕೂಲ ಮಾಡುವಾಗ ಬಹಳಷ್ಟನ್ನು ಕಿತ್ತುಹಾಕಲಾಯಿತು, ಅಂಥ ಊರುಗಳಲ್ಲಿ ರಸ್ತೆ ಬಯಲಿಗೆ ಬಿದ್ದಿದೆ. ಉಪಗ್ರಹ ಚಿತ್ರದಲ್ಲಿ ಬೇಲಿಗಳು ಸ್ಪಷ್ಟವಾಗಿ ಕಾಣುವುದರಿಂದ ಎದುರುಗಾಳಿಯ ದಿನಕ್ಕೆ ದಾರಿ ಆರಿಸುವಾಗ ನಾನು ಅದನ್ನೇ ನೋಡುತ್ತೇನೆ. ವಸಂತದಲ್ಲಿ ಹವೆ ಒಣಗಿ ಆಕಾಶ ತಿಳಿಯಾದಾಗ ಗಾಳಿ ಈಶಾನ್ಯಕ್ಕೆ ತಿರುಗುವುದುಂಟು, ಆಗ ಇಡೀ ಯೋಜನೆಯನ್ನು ತಿರುಗಿಸಿದರಾಯಿತು.

ರೋಸ್ಕಾಫ್‌ನಿಂದ ಆರಂಭಿಸುವುದು ನನಗಿಷ್ಟ. ಸುತ್ತಲಿನ ಲೆಯೋಂ ಸೀಮೆ ತುಸು ಸಮತಟ್ಟಾಗಿದ್ದು ಕಾಲುಗಳಿಗೆ ಬಿಸಿಯೇರಲು ಅವಕಾಶ ಕೊಡುತ್ತದೆ. ಹೂಕೋಸು, ಆರ್ಟಿಚೋಕ್ ಮತ್ತು ನಸುಗೆಂಪು ಈರುಳ್ಳಿಯ ಹೊಲಗಳು ಕಡಲಂಚಿನವರೆಗೂ ಇವೆ. 19ನೆಯ ಶತಮಾನದಿಂದ ಇಲ್ಲಿನ ರೈತರು ಈ ಈರುಳ್ಳಿಯನ್ನು ಹಡಗಿನಲ್ಲಿ ಬ್ರಿಟನ್ನಿಗೆ ಒಯ್ದು ಮನೆಮನೆಗೆ ಮಾರುತ್ತಿದ್ದರು. ಸೈಕಲ್ ಬಂದ ಮೇಲೆ ಜಡೆ ಹೆಣೆದ ಈರುಳ್ಳಿಯ ಗೊಂಚಲುಗಳನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ತಿರುಗಿದ ಈ ಮಾರಾಟಗಾರರಿಗೆ ‘ಜಾನಿ’ಗಳೆಂದೇ ಹೆಸರಾಯಿತು, ಅವರ ವಸ್ತುಸಂಗ್ರಹಾಲಯ ಊರಿನಲ್ಲಿದೆ. ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಜೇಡಿಮಣ್ಣು ರಸ್ತೆಯ ಮೇಲೆ ಪಟ್ಟಿಪಟ್ಟಿಯಾಗಿ ಬಿದ್ದಿರುತ್ತದೆ. ತುಂತುರು ಬಿದ್ದರೆ ಅದರಷ್ಟು ಜಾರುವ ವಸ್ತು ಇನ್ನೊಂದಿಲ್ಲ. ಅದರ ಮೇಲೆ ಬ್ರೇಕ್ ಹಿಡಿಯದೆ, ತಿರುಗಿಸದೆ, ನೇರವಾಗಿ ದಾಟಬೇಕು.

ಕರಾಂತೆಕ್‌ನ ಎದುರಿಗಿರುವ ಕಾಲೋ ದ್ವೀಪಕ್ಕೆ ಇಳಿತದ ಸಮಯದಲ್ಲಿ ಮಾತ್ರ ತೆರೆದುಕೊಳ್ಳುವ ದಾರಿಯಿದೆ. ದೊಡ್ಡ ಉಬ್ಬರದ ದಿನಗಳಲ್ಲಿ ಈ ಕರಾವಳಿಯ ನೀರು 8 ಮೀಟರಿಗೂ ಹೆಚ್ಚು ಏರಿಳಿಯುತ್ತದೆ, ಆದ್ದರಿಂದ ವೇಳಾಪಟ್ಟಿ ನೋಡದೆ ಇಳಿಯಬಾರದು. ಅಲ್ಲಿಗೆ ನಾನು ಸೈಕಲ್ಲನ್ನು ದಡದಲ್ಲೇ ಬೀಗ ಹಾಕಿ ನಡೆದು ಹೋಗುತ್ತೇನೆ. ಉಪ್ಪುನೀರು ಚೈನಿಗೂ ಬೇರಿಂಗಿಗೂ ಮಾಡುವ ಹಾನಿಗೆ ಆ ಎರಡು ಕಿ.ಮೀ. ಸವಾರಿ ಯೋಗ್ಯವಲ್ಲ. ಮುಂದೆ ಮೊರ್ಲೇ ನದಿಯ ದಡದಲ್ಲಿ ನೀರಿನ ಮಟ್ಟದಲ್ಲೇ ಸಾಗುವ ಸುಖದ ದಾರಿ ಇದೆ. ಆಚೆ ದಡದ ಪ್ಲುಗಾನು, ಸ್ಯಾಂ-ಜಾಂ-ದ್ಯು-ದ್ವಾ ಕಡೆ ಗರಗಸ ಮತ್ತೆ ಆರಂಭವಾಗುತ್ತದೆ.

ಲೊಕಿರೆಕ್ ದಾಟಿ ಸ್ಯಾಂತ್-ಎಫ್ಲಾಂವರೆಗಿನ ಕಾರ್ನಿಶ್, ಅಂದರೆ ಕಡಲಂಚಿನ ಕಡಿದಾದ ಇಳಿಜಾರಿನ ಮೇಲೆ ಸಾಗುವ ರಸ್ತೆಯೇ ಇಡೀ ದಾರಿಯಲ್ಲಿ ನನಗೆ ಅತ್ಯಂತ ಮೆಚ್ಚಿನದು, ಅದರ ನಂತರದ ಸ್ಯಾಂ-ಮಿಶೆಲ್-ಆಂ-ಗ್ರೇವ್‌ನ ವಿಶಾಲ ಕೊಲ್ಲಿ ಅತ್ಯಂತ ಬೇಸರ ತರಿಸುವಂಥದ್ದು. ಬೇಸಿಗೆಯಲ್ಲಿ ಈ ಮರಳದಂಡೆಯ ಮೇಲೆ ಹಸಿರು ಪಾಚಿ ರಾಶಿಯಾಗಿ ಬಂದು ಬೀಳುತ್ತದೆ. ಹೊಲಗಳಿಗೆ ಹಾಕಿದ ಗೊಬ್ಬರ ಮತ್ತು ಜಾನುವಾರು ಸಾಕಣೆಯ ತ್ಯಾಜ್ಯದಿಂದ ಹೊಳೆಗಿಳಿಯುವ ನೈಟ್ರೇಟೇ ಅದಕ್ಕೆ ಆಹಾರ. ಫ್ರಾನ್ಸಿನ ಹಂದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರಿಟನಿಯಲ್ಲೇ ಸಾಕಲ್ಪಡುತ್ತವೆ. ಕೊಳೆಯುವ ಪಾಚಿ ಹೊರಸೂಸುವ ಹೈಡ್ರೋಜನ್ ಸಲ್ಫೈಡ್ ಅಪಾಯಕಾರಿ, 2009ರಲ್ಲಿ ಇದೇ ದಂಡೆಯಲ್ಲಿ ಒಂದು ಕುದುರೆ ಸತ್ತು ಇಡೀ ದೇಶದಲ್ಲಿ ಸುದ್ದಿಯಾಯಿತು. ರಸ್ತೆಯ ಮೇಲಿರುವವರಿಗೆ ಸಾಮಾನ್ಯವಾಗಿ ಕೊಳೆತ ಮೊಟ್ಟೆಯ ವಾಸನೆಯಷ್ಟೇ ಸಿಗುತ್ತದೆ, ಆದರೂ ದಂಡೆಗಿಳಿದು ಊಟಕ್ಕೆ ಕೂರುವ ಯೋಚನೆ ಬೇಡ.

ಪೆರೋಸ್-ಗಿರೆಕ್, ಪ್ಲುಮನಾಕ್‌ಗಳ ನಸುಗೆಂಪು ಗ್ರಾನೈಟ್ ಬಂಡೆಗಳ ಬಗ್ಗೆ ಪ್ರವಾಸಿ ಕೈಪಿಡಿಗಳು ಸಾಕಷ್ಟು ಹೇಳಿವೆ. ಆಗಸ್ಟ್‌ನಲ್ಲಿ ಅಲ್ಲಿ ಕಾರುಗಳ ಸಾಲು ಕರಗುವುದೇ ಇಲ್ಲ. ಬೆಳಿಗ್ಗೆ ಎಂಟರೊಳಗೆ ದಾಟಿಬಿಡಬೇಕು. ಬಂಡೆಗಳ ನಡುವೆ ಸಾಗುವ ಹಳೆಯ ಸುಂಕದವರ ಕಾಲುದಾರಿ, ಅಂದರೆ ಜಿಆರ್ 34, ನಡೆಯುವವರಿಗೆ ಮಾತ್ರ ಮೀಸಲು, ಅದರ ಮೇಲೆ ಸೈಕಲ್ ಒಯ್ಯುವಂತಿಲ್ಲ.

ನೀರು, ಆಹಾರದ ವಿಚಾರದಲ್ಲಿ ಹೊಸಬರು ಸುಸ್ತಾಗುವುದು ಇಲ್ಲಿನ ಅಂಗಡಿಗಳ ವೇಳೆಯಿಂದ. ಹಳ್ಳಿಯ ಬೇಕರಿ ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆಯ ಮುಂಚೆ ತೆರೆಯದು, ಸೋಮವಾರ ಹಲವು ಕಡೆ ತೆರೆಯುವುದೇ ಇಲ್ಲ, ಭಾನುವಾರ ಮಧ್ಯಾಹ್ನದ ಬಳಿಕ ಊರೇ ಮಲಗಿರುತ್ತದೆ. ಬೆಳಗ್ಗೆಯೇ ಮೊದಲ ಬೇಕರಿಯಲ್ಲಿ ದಿನದ ತಿಂಡಿಯನ್ನು ಕೊಂಡು ಜೇಬಿಗಿಳಿಸುವುದು ನನ್ನ ರೂಢಿ. ದ್ವಾರ್ನೆನೆ ಊರಿನ ಕ್ವಿನ್‌ಅಮಾನ್ ಎಂಬ ಸಿಹಿತಿನಿಸಿಗೆ ಎಷ್ಟೇ ಹೆಸರಿದ್ದರೂ ಅದರ ಬೆಣ್ಣೆ ಸಕ್ಕರೆ ಜೇಬಿನಲ್ಲಿ ಕರಗಿ ಅಂಟಾಗುತ್ತದೆ. ಹಾಲು ಮೊಟ್ಟೆಗಳ ಗಟ್ಟಿ ಕಡುಬಿನಂಥ ಫಾರ್ ತುಂಡುಗಳು ಒರೆಸುವ ಕಾಗದದಲ್ಲಿ ಸುತ್ತಿಟ್ಟರೆ ಸಂಜೆಯವರೆಗೂ ಹಾಗೆಯೇ ಇರುತ್ತವೆ. ನೀರಿಗೆ ಇಲ್ಲಿನ ಸವಾರರೆಲ್ಲ ನೆಚ್ಚುವುದು ಸ್ಮಶಾನವನ್ನು. ಸಮಾಧಿಗಳ ಮೇಲಿನ ಹೂಗಿಡಗಳಿಗೆ ನೀರು ಹಾಕಲೆಂದು ಪ್ರತಿ ಹಳ್ಳಿಯ ಸ್ಮಶಾನದಲ್ಲೂ ಗೇಟಿನ ಬಳಿಯಲ್ಲೇ ನಲ್ಲಿ ಇರುತ್ತದೆ, ಚರ್ಚಿನ ಗೋಪುರ ದೂರದಿಂದಲೇ ದಾರಿ ತೋರುತ್ತದೆ. ನಮ್ಮ ಕಡೆಯವರಿಗೆ ಮೊದಲ ಸಲ ಕೈ ಹಿಂಜರಿಯಬಹುದು. ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕ ಇಲ್ಲವೆಂದು ನೋಡಿಕೊಂಡು, ಹೆಲ್ಮೆಟ್ ತೆಗೆದು, ಬಾಟಲಿ ತುಂಬಿಕೊಂಡು ಹೊರಬಂದರಾಯಿತು.

ಪೇಂಪೋಲ್‌ನಿಂದ ಮರಳಲು ತ್ರಿಯೋ ನದಿಯ ಬದಿಯಲ್ಲಿ ಗೆಂಗಾಂವರೆಗೆ ಚಿಕ್ಕ ರೈಲಿದೆ. ಕಾಲಲ್ಲಿ ಬಲವಿದ್ದರೆ ಪೋಂತ್ರಿಯೋ, ಗೆಂಗಾಂ, ಕಲಾಕ್ ಮೂಲಕ ಕಾರೇ ಪಟ್ಟಣಕ್ಕೆ ತುಳಿಯಬಹುದು. ಈ ಕಾರೇ ಊರಿಗೂ ಬೆಂಗಳೂರಿನ ದೀರ್ಘದೂರದ ಸವಾರರಿಗೂ ಒಂದು ನಂಟಿದೆ: 1891ರಲ್ಲಿ ಸ್ಪರ್ಧೆಯಾಗಿ ಆರಂಭವಾಗಿ ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನ 1,200 ಕಿ.ಮೀ. ದಾರಿ ಇಲ್ಲಿಂದ ಹಾಯುತ್ತದೆ, 200, 300, 400, 600 ಕಿ.ಮೀ.ಗಳ ಬ್ರೆವೆಗಳನ್ನು, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೀರ್ಘ ಸವಾರಿಗಳನ್ನು ಪೂರೈಸಿ ಅರ್ಹತೆ ಪಡೆದ ನೂರಾರು ಭಾರತೀಯರು 2019ರಲ್ಲೂ 2023ರಲ್ಲೂ ಇದೇ ರಸ್ತೆಯಲ್ಲಿ ಸಾಗಿದ್ದಾರೆ. ಕಾರೇಯಿಂದ ಯುಎಲ್‌ಗ್ವಾತ್ ಕಾಡು ದಾಟಿ ರೋಕ್ ತ್ರೆವೆಜೆಲ್ ಬೆಟ್ಟಕ್ಕೆ ಏರುವ ಅವರ ದಾರಿ ಕರಾವಳಿಯ ಏರುಗಳಿಗೆ ಪೂರ್ತಿ ವಿರುದ್ಧವಾದದ್ದು: ನಿಧಾನ, ದೀರ್ಘ, ನಂದಿಯವರಿಗೆ ಪರಿಚಿತವಾದ ಲಯ. ಮೇಲೆ ಮರಗಳಿಲ್ಲ, ಮುಳ್ಳುಪೊದೆ ಮತ್ತು ಕುರುಚಲಿನ ಬಯಲು ಮಾತ್ರ. 2022ರ ಜುಲೈಯಲ್ಲಿ ಈ ಬೆಟ್ಟಸಾಲಿನ ಸಾವಿರಾರು ಎಕರೆ ನೆಲ ಬೆಂಕಿಗೆ ಸಿಕ್ಕಿ ಸುಟ್ಟಿತ್ತು. ಪಶ್ಚಿಮದ ಗಾಳಿ ಜೋರಾದ ದಿನ ಇಲ್ಲಿಗೆ ಹೋಗದೆ, ಕಾರೇಯಿಂದ ಮೊರ್ಲೇಗೆ ಹಳೆಯ ರೈಲುಹಳಿಯ ಜಾಡಿನಲ್ಲಿ ಮಾಡಿರುವ ಸೈಕಲ್ ಹಾದಿಯನ್ನು ಹಿಡಿಯುತ್ತೇನೆ. ನೆಲ ಮರಳುಮಿಶ್ರಿತವಾದರೂ 28 ಮಿ.ಮೀ. ಟೈರಿಗೆ ಒಗ್ಗುತ್ತದೆ.

ನಿಯಮಗಳು ಕೆಲವೇ. ನಾಲ್ಕು ಪಥದ ಎನ್ 12 ರಸ್ತೆಯಲ್ಲಿ ಸೈಕಲ್ ನಿಷಿದ್ಧ. ಊರ ಹೊರಗೆ ರಾತ್ರಿ ಅಥವಾ ಮಂಜಿನಲ್ಲಿ ಹೊಳೆಯುವ ಜಾಕೆಟ್ ಕಡ್ಡಾಯ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು ಎಂಬುದನ್ನು ಭಾರತದಿಂದ ಬಂದವರು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ಚಿಕ್ಕ ಓಣಿಯಿಂದ ಬರುವ ಕಾರು ನಿಜಕ್ಕೂ ನಿಲ್ಲುವುದಿಲ್ಲ. ಹಿಂದಿಕ್ಕುವ ಚಾಲಕರು ಊರ ಹೊರಗೆ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದ್ದು, ಹೆಚ್ಚಿನವರು ಅದನ್ನು ಪಾಲಿಸುತ್ತಾರೆ.

ತಿಂಗಳ ಪ್ರಶ್ನೆ ಬಂದರೆ ನಾನು ಜೂನ್ ಎನ್ನುತ್ತೇನೆ. ಸೂರ್ಯ ಮುಳುಗುವಾಗ ರಾತ್ರಿ ಹತ್ತು ದಾಟಿರುತ್ತದೆ, ಪ್ರವಾಸಿಗರು ಇನ್ನೂ ಬಂದಿರುವುದಿಲ್ಲ. ರೋಸ್ಕಾಫ್‌ಗೆ ಹೋಗುತ್ತಿದ್ದ ರೈಲುಮಾರ್ಗ 2018ರ ಮಳೆಯಲ್ಲಿ ಹಳಿಯ ದಿಬ್ಬ ಕೊಚ್ಚಿಹೋದಾಗಿನಿಂದ ಮುಚ್ಚಿರುವ ಕಾರಣ ರೈಲಿನಲ್ಲಿ ಬರುವವರು ಮೊರ್ಲೇಯಲ್ಲೇ ಇಳಿಯಬೇಕು, ಅಲ್ಲಿಂದಲೇ ಹತ್ತಬೇಕು. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲಿಗೆ ಜಾಗ ಮಿತವಾಗಿರುವುದರಿಂದ ಬೇಸಿಗೆಯಲ್ಲಿ ಮೊದಲೇ ಕಾಯ್ದಿರಿಸಿಕೊಳ್ಳುವುದು ಲೇಸು. ಟಿಜಿವಿ ಎಂಬ ಅತಿವೇಗದ ರೈಲಿನಲ್ಲಾದರೆ ಸೈಕಲ್ ಜಾಗಕ್ಕೆ ಪ್ರತ್ಯೇಕ ಟಿಕೆಟ್ ಪಡೆಯಬೇಕು, ಇಲ್ಲವೇ ಚಕ್ರ ಬಿಚ್ಚಿ ಚೀಲದೊಳಗಿಡಬೇಕು. ಮೊರ್ಲೇ ನಿಲ್ದಾಣ ಬಂದರಿನ ಬಳಿ ಇರದೆ, ಊರಿನ ನಡುವೆ ಎದ್ದುನಿಂತ ರೈಲುಸೇತುವೆಯ ಮಟ್ಟದಲ್ಲಿ, ದಿಣ್ಣೆಯ ಮೇಲಿದೆ. ಹತ್ತಿರದ ದಾರಿಯೆಂದು ನಕಾಶೆ ತೋರಿಸುವ ಓಣಿಗಳು ಮೆಟ್ಟಿಲುಗಳಾಗಿರುವುದರಿಂದ, ರಸ್ತೆಯ ಸುತ್ತುದಾರಿಗೂ ಸೇರಿಸಿ ರೈಲಿಗೆ ಮುಕ್ಕಾಲು ಗಂಟೆ ಮೊದಲೇ ಬಂದರಿನಿಂದ ಹೊರಡುತ್ತೇನೆ.